ಬಿಸಿಲಿನ ಮುನ್ನೆಚ್ಚರಿಕೆ

2010ರ ಮೇ ಮಾಸದಲ್ಲಿ ಅಹಮದಾಬಾದಿನ ಉಷ್ಣಮಾನವು 46.8 ಡಿಗ್ರಿಗೇರಿ, ಆ ಒಂದೇ ತಿಂಗಳಿನಲ್ಲಿ ವಾಡಿಕೆಗಿಂತ 1,344 ಮಂದಿ ಅಧಿಕವಾಗಿ ಅಸುನೀಗಿದರೆಂದು ಸಂಶೋಧಕರು ಲೆಕ್ಕಹಾಕಿರುವರು. ಬಿಸಿಲಿನಲ್ಲಿ ಜನರು ನಡೆದುಕೊಳ್ಳುವ ರೀತಿಯನ್ನೂ ತಿದ್ದಬೇಕೆಂದು ಅಲ್ಲಿಯ ನಗರಪಾಲಿಕೆಯು 2013ರಲ್ಲಿ ಕಾರ್ಯಯೋಜನೆಯೊಂದನ್ನು ಕೈಗೊಂಡಿತು. ಹಳದಿ, ಕಿತ್ತಳೆ, ಕೆಂಪೆಂಬ ವರ್ಣಸಂಕೇತಗಳಿಂದ ಅಪಾಯವನ್ನು ಮೊದಲೇ ಸಾರಿ, ಭಿತ್ತಿಪತ್ರಗಳಿಂದಲೂ ಮೊಬೈಲ್ ಸಂದೇಶಗಳಿಂದಲೂ ನೀರು ಕುಡಿಯಿರಿ, ನೆರಳಿಗೆ ಸರಿಯಿರಿ ಎಂದು ಬೋಧಿಸಿದುದು ಸ್ತುತ್ಯವೇ ಸರಿ. ಆದರೆ ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ಅದರೊಡನೆ ಕುಡಿಯುವ ನೀರಿನ ಅರವಟ್ಟಿಗೆಗಳನ್ನೂ ಏರ್ಪಡಿಸಿದುದು; ಉಪದೇಶವನ್ನು ಪಾಲಿಸಲು ಅನುಕೂಲವೂ ಬೇಕಷ್ಟೆ. ದಿನಗೂಲಿಯನ್ನೇ ನೆಚ್ಚಿ ಇಟ್ಟಿಗೆ ಹೊರುವ ತಾಯಿಗೆ ಮಧ್ಯಾಹ್ನದ ವಿಶ್ರಾಂತಿಯನ್ನು ಉಪದೇಶಿಸುವವರು, ಆ ಹೊತ್ತಿನ ಕೂಲಿಯನ್ನು ಕಡಿತಮಾಡಬಾರದೆಂದು ಗುತ್ತಿಗೆದಾರನಿಗೂ ವಿಧಿಸಬೇಡವೆ? ಕಲಬುರಗಿ, ರಾಯಚೂರುಗಳಲ್ಲಿ ಭಿತ್ತಿಪತ್ರ ಅಂಟಿಸಹೊರಡುವವರು ಈ ಮಾತನ್ನು ಮೊದಲು ಗುತ್ತಿಗೆದಾರರೊಡನೆ ಇತ್ಯರ್ಥಮಾಡಿಕೊಳ್ಳಲಿ.