ಕರೆಂಟು ಹೋದ ಮೇಲಿನ ಹಾಡು

ಪಟ್ಟಣದ ಮನೆಗಳಲ್ಲಿ ಸಂಗೀತವೆಂಬುದು ನಲ್ಲಿಯ ನೀರಿನಂತೆ. ಗುಂಡಿ ಒತ್ತಿದರೆ ಬರುತ್ತದೆ. ಎಲ್ಲಿಂದ ಬಂತು, ಎಷ್ಟು ಬಂತು ಎಂದು ಕೇಳುವವರಿಲ್ಲ. ಆದರೆ ಸಂಗೀತಕ್ಕೂ ಒಂದು ಕೆರೆಯುಂಟು, ಆ ಕೆರೆಗೂ ಒಂದು ತಳವುಂಟು. ಈ ವಿವೇಕವನ್ನು ನನಗೆ ಕಲಿಸಿದ್ದು ಒಂದು ಬ್ಯಾಟರಿ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಚ್ಚುಕಟ್ಟಿನಲ್ಲಿ ನಮ್ಮದೊಂದು ಅಡಿಕೆ ತೋಟ. ತೋಟದೊಳಗೊಂದು ಹೆಂಚಿನ ಮನೆ. ತಾಯಿಯವರು ಕಾಲವಾದ ಮೇಲೆ ಅಲ್ಲಿ ತಂದೆಯವರೊಬ್ಬರೇ. ಕಣ್ಣು ಮಂಜಾಗಿ ಪತ್ರಿಕೆ ಓದಲಾಗದು. ಆಕಾಶವಾಣಿಯ ವಾರ್ತೆ, ರೈತರ ಕಾರ್ಯಕ್ರಮ, ರಾತ್ರಿಯ ಹಾಡು, ಇವೇ ಅವರ ಸಂಗಾತಿಗಳು. ಮಳೆಗಾಲದಲ್ಲಿ ತಂತಿಯ ಮೇಲೊಂದು ಕೊಂಬೆ ಮುರಿದು ಬಿದ್ದರೆ ಸಾಕು, ಇರುಳೆಲ್ಲ ಕರೆಂಟಿಲ್ಲ. ಕತ್ತಲೆಗೆ ಅಂಜುವ ಜೀವವಲ್ಲ ಅದು. ಮನೆ ಮೂಕವಾಗುವುದಕ್ಕೆ ಅಂಜುತ್ತಿತ್ತು. “ದಾವಣಗೆರೆಗೆ ಬಂದುಬಿಡಿ ಅಪ್ಪಾಜಿ” ಎಂದು ನನ್ನಾಕೆಯೂ ನಾನೂ ಎಷ್ಟೋ ಸಲ ಕರೆದೆವು. “ಕೆರೆ ಏರಿ ಮೇಲಿನ ಗಾಳಿ ನಿಮ್ಮ ಮೂರನೇ ಅಂತಸ್ತಿಗೆ ಬರ್ತದೇನಪ್ಪಾ?” ಎಂಬುದೊಂದೇ ಉತ್ತರ. ಅವರು ತಮ್ಮ ಮನೆಯಲ್ಲಿಯೇ ನೆಮ್ಮದಿಯಾಗಿ ಉಳಿಯಬೇಕಾದರೆ ಆ ಮನೆಯ ದನಿ ನಿಲ್ಲಬಾರದು.

ಶೆಲ್ಲು ಹಾಕುವ ಪುಟ್ಟ ರೇಡಿಯೋ ಸಾಲದೆ ಎಂದು ವಾಚಕರು ಕೇಳಬಹುದು. ತಂದೆಯವರ ಕಿವಿಯೂ ತುಸು ಮಂದ. ಅಲ್ಲದೆ ತಾಯಿಯವರು ಮದುವೆಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆ ಪದಗಳ ಹಳೆಯ ಕ್ಯಾಸೆಟ್ಟೊಂದಿತ್ತು. ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟಿದ್ದೆ. ಪುಟ್ಟ ಪೆಟ್ಟಿಗೆಯ ಕೀರಲು ದನಿಯಲ್ಲಿ ಅದನ್ನು ಕೇಳಿ, “ಇದು ಅವಳ ಗಂಟಲಲ್ಲ” ಎಂದು ಬದಿಗಿಟ್ಟರು. ಆ ಗಂಟಲಿನ ಭಾರ ಬರಬೇಕಾದರೆ ಅಗಲವಾದ ಸ್ಪೀಕರೇ ಬೇಕು.

ಬ್ಯಾಟರಿಯಿಂದ ಹಾಡು ಕೇಳುವುದು ಹೊಸ ಸಂಗತಿಯೇನಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದಾಗ ನಾಡಿನ ಬಹುಪಾಲು ಹಳ್ಳಿಗಳಿಗೆ ವಿದ್ಯುತ್ತು ಬಂದಿರಲಿಲ್ಲ. ಅಂಥ ಕಡೆ ಬಳಸುತ್ತಿದ್ದ ವಾಲ್ವ್ ರೇಡಿಯೋಗಳಿಗೆ ಎರಡು ಬಗೆಯ ಬ್ಯಾಟರಿ ಬೇಕಾಗುತ್ತಿತ್ತು: ವಾಲ್ವಿನ ತಂತಿ ಕಾಯಿಸಲು ಒಂದೆರಡು ವೋಲ್ಟಿನದೊಂದು, ದನಿ ಹೊರಡಿಸಲು 90 ವೋಲ್ಟಿನಷ್ಟರದು ಇನ್ನೊಂದು. 1947ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತು; ಮುಂದೆ ಕಾಯಿಸುವ ಕೆಲಸವೇ ತಪ್ಪಿ ರೇಡಿಯೋ ಹೆಗಲಿಗೇರಿತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದಾಗ ನಮ್ಮ ಸೀಮೆಗೆ ಹತ್ತಿರದ ದನಿಯೊಂದು ದೊರೆಯಿತು.

ನಾನು ಕೂಡಿಸಿದ್ದು ಸರಳವಾದದ್ದು: 12 ವೋಲ್ಟಿನ, 40 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ, ಅದರಿಂದಲೇ ನೇರವಾಗಿ ನಡೆಯುವ ಪುಟ್ಟ ಆಂಪ್ಲಿಫೈಯರು, ಎರಡು ಸ್ಪೀಕರು. ಇನ್‌ವರ್ಟರು ಏಕೆ ಬೇಡವೆಂದರೆ, ಅದು 12 ವೋಲ್ಟನ್ನು 230ಕ್ಕೆ ಏರಿಸುತ್ತದೆ, ಆಂಪ್ಲಿಫೈಯರು ಮತ್ತೆ ಅದನ್ನು ಕೆಳಗಿಳಿಸಿಕೊಳ್ಳುತ್ತದೆ. ಕೆರೆಯ ನೀರನ್ನು ಗುಡ್ಡಕ್ಕೆ ಹೊತ್ತು, ಪುನಃ ಗದ್ದೆಗೆ ಸುರಿದಂತೆ. ಹಾದಿಯಲ್ಲಿ ಚೆಲ್ಲಿದ್ದು ಚೆಲ್ಲಿತು.

ತಂದೆಯವರಿಗೆ ಇದನ್ನೆಲ್ಲ ತಿಳಿಸುವ ಬಗೆ ಹೇಗೆ? ಸೂಳೆಕೆರೆಯೇ ನೆರವಿಗೆ ಬಂತು. ಸಿದ್ಧನಾಲೆ, ಬಸವನಾಲೆಗಳಲ್ಲಿ ನೀರು ಹರಿಯುವುದನ್ನು ನೋಡಿಯೇ ಬೆಳೆದವರು ಅವರು. ವೋಲ್ಟೆಂದರೆ ಕೆರೆಯ ನೀರಿನ ಎತ್ತರ. ಆಂಪಿಯರೆಂದರೆ ತೂಬಿನಲ್ಲಿ ಹರಿಯುವ ನೀರು. ಆಂಪಿಯರ್-ಗಂಟೆಯೆಂದರೆ ಒಟ್ಟು ಶೇಖರಣೆ. 12ನ್ನು 40ರಿಂದ ಗುಣಿಸಿದರೆ 480 ವಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ ಅರ್ಧವಷ್ಟೇ ನಮ್ಮದು, 240. ಸರಾಸರಿ 12 ವಾಟ್ ಬಳಸಿದರೆ 20 ಗಂಟೆಯ ಹಾಡು. ತಂದೆಯವರು ತಲೆದೂಗಿ, “ತೂಬು ಎತ್ತುವವನಿಗೆ ಕೆರೇಲಿ ಎಷ್ಟಿದೆ ಅಂತ ಗೊತ್ತಿರಬೇಕು, ಅಷ್ಟೇ ತಾನೆ?” ಎಂದರು. ನಾನು ಹದಿನೈದು ನಿಮಿಷ ಕೊರೆದದ್ದರ ಸಾರ ಅದೇ.

ಇನ್ನೊಂದು ಸ್ವಾರಸ್ಯವುಂಟು. ದನಿ ಕಿವಿಗೆ ಎರಡರಷ್ಟು ಗಟ್ಟಿಯೆನಿಸಬೇಕಾದರೆ ಸ್ಪೀಕರಿಗೆ ಸುಮಾರು 10 ಪಟ್ಟು ಶಕ್ತಿ ಉಣಿಸಬೇಕು. ತಿರುಗಿಸಿ ಹೇಳಿದರೆ, ಅಬ್ಬರವನ್ನು ಅರ್ಧಕ್ಕಿಳಿಸಿದವನು ಸ್ಪೀಕರಿಗೆ ಹೋಗುವ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಉಳಿಸುತ್ತಾನೆ. ನಮ್ಮ ಮದುವೆ ಮೆರವಣಿಗೆಗಳ ಧ್ವನಿವರ್ಧಕದವರು ಈ ಲೆಕ್ಕವನ್ನು ಬಲ್ಲರೋ ಇಲ್ಲವೋ! ಮೆಲುದನಿ ಶಿಷ್ಟಾಚಾರವೆಂದು ಹಿರಿಯರು ಹೇಳುತ್ತಿದ್ದರು; ಅದು ಉಳಿತಾಯವೂ ಹೌದೆಂದು ಭೌತಶಾಸ್ತ್ರ ಹೇಳುತ್ತದೆ.

ಎಚ್ಚರಿಕೆಗಳೂ ಇವೆ. ಬ್ಯಾಟರಿಯ ಪಕ್ಕದಲ್ಲಿಯೇ ಒಂದು ಫ್ಯೂಸ್ ಇರಬೇಕು. ತಂತಿ ತಾಗಿಕೊಂಡರೆ ಆ ಮೌನಿ ಕ್ಷಣದಲ್ಲಿ ರುದ್ರನಾಗುತ್ತಾನೆ. ಚಾರ್ಜಾಗುವಾಗ ಜಲಜನಕ ಹೊರಬರುವುದರಿಂದ ಗಾಳಿಯಾಡುವೆಡೆಯಲ್ಲಿಡಬೇಕು, ಹತ್ತಿರ ದೀಪ ಕೂಡದು. ತೋಟದ ಕೆಲಸದಾಕೆ ಆಯುಧಪೂಜೆಯ ದಿನ ಅದಕ್ಕೂ ಹೂವಿಟ್ಟು, ಹಣತೆ ಹಚ್ಚಲು ಬಂದಾಗ ತಂದೆಯವರೇ ತಡೆದರಂತೆ: “ಹೂವು ಸಾಕು ಕಣವ್ವಾ, ಈ ದೇವರಿಗೆ ದೀಪ ಆಗೋದಿಲ್ಲ!”

ಬ್ಯಾಟರಿಯ ಮೇಲೆ ದೊಡ್ಡ ಕೆಂಪಂಕಿಗಳ ಮಾಪಕವನ್ನು ಕೂರಿಸಿದ್ದೇನೆ, ಮಂಜುಗಣ್ಣಿಗೂ ಕಾಣುವಂಥದು. ತುಂಬಿ ಸ್ವಸ್ಥವಾಗಿದ್ದಾಗ 12.7; 12.2ಕ್ಕೆ ಬಂದರೆ ಸುಮಾರು ಅರ್ಧ. ಕಳೆದ ಮಳೆಗಾಲದ ಒಂದು ಭಾನುವಾರ ನಾನು ಅಲ್ಲಿದ್ದೆ. ಕರೆಂಟು ಹೋಗಿ ಎರಡನೆಯ ದಿನ. ವಾರ್ತೆ ಅರ್ಧಕ್ಕೆ ಬಂದಿತ್ತು; ತಂದೆಯವರು ಮಾಪಕದತ್ತ ಬಾಗಿ ನೋಡಿ ರೇಡಿಯೋ ಆರಿಸಿದರು. “ಇನ್ನೂ ಇದೆಯಲ್ಲ ಅಪ್ಪಾಜಿ, ಕೇಳಿ” ಎಂದೆ.

“ಲೋಕದ ಸುದ್ದಿ ನಾಳೆಯೂ ಇರ್ತದಪ್ಪಾ. ಮಲಗೋ ಹೊತ್ತಿಗೆ ನಿಮ್ಮವ್ವನ ಪದ ಒಂದು ಕೇಳ್ಬೇಕು, ಅದಕ್ಕೆ ಇಟ್ಟಿದೀನಿ” ಎಂದರು.