ಫೈಲ್ ಅಲ್ಲೇ ಇತ್ತು

1/6

ಈ ವಾರ ಮೂರು ಜನ ಜೂನಿಯರ್ಸ್ ನಂಗೆ ಹೆಚ್ಚುಕಮ್ಮಿ ಒಂದೇ ಸ್ಕ್ರೀನ್‌ಶಾಟ್ ಕಳಿಸಿದ್ದೀರಿ. ಕಪ್ಪು ಟರ್ಮಿನಲ್, ಉದ್ದಕ್ಕೆ ಇಂಗ್ಲಿಷ್ ಸಾಲುಗಳು, ಕೊನೇಲಿ ಯಾವುದೋ ಲೈಬ್ರರಿ ಸಿಗ್ತಿಲ್ಲ ಅನ್ನೋ ದೂರು. ಕೆಳಗೆ ಮೂರೂ ಜನರದ್ದು ಒಂದೇ ಪ್ರಶ್ನೆ: "ಎಲ್ಲಾ ಕಿತ್ತಾಕಿ ಮೊದಲಿಂದ ಇನ್‌ಸ್ಟಾಲ್ ಮಾಡ್ಲಾ?"

ತಡೀರಿ. ಕೈ ಕೀಬೋರ್ಡ್ ಮೇಲಿಂದ ತೆಗೀರಿ. ಮೊದಲು ಇದನ್ನ ಓದಿ.

ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಸಬ್‌ಮಿಷನ್ ಸೋಮವಾರ ಇತ್ತು. ಶನಿವಾರ ರಾತ್ರಿ ನಾನೂ ಇದನ್ನೇ ಮಾಡಿದ್ದೆ. ಕಿತ್ತಾಕಿದೆ. ಅದರ ಜೊತೆ ಏನೇನು ಹೋಯ್ತು ಅಂತ ಹೇಳ್ತೀನಿ. ಇದನ್ನ ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿರಲಿಲ್ಲ. ನನ್ನ ಟೀಮ್‌ಮೇಟ್‌ಗೆ ಕೇಳಿ, ಅವಳು "ಹಾಕು, ಹೆಸರು ಬೇಡ" ಅಂದ ಮೇಲೆ ಹಾಕ್ತಿದ್ದೀನಿ.

2/6

ಪ್ರಾಜೆಕ್ಟ್ ಅವಳದೇ ಐಡಿಯಾ. ಅವಳ ಊರು ಹಾಸನದ ಕಡೆ. ಅವಳಪ್ಪ ಊರಿನ ಹಾಲಿನ ಸೊಸೈಟಿಯಲ್ಲಿ ಪುಸ್ತಕ ಬರೀತಾರೆ: ಯಾರು, ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು. ಎಲ್ಲರೂ ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಅಂತ ಸೀನಿಯರ್ಸ್ ಪ್ರಾಜೆಕ್ಟ್‌ಗೆ ಬಣ್ಣ ಬಳೀತಿದ್ದಾಗ, ಇವಳು ರಜೆಗೆ ಊರಿಗೆ ಹೋಗಿ ಒಂದು ತಿಂಗಳ ಪುಸ್ತಕಾನ ಜೆರಾಕ್ಸ್ ಮಾಡಿಸ್ಕೊಂಡು ಬಂದಳು. 41 ಜನ, ದಿನಕ್ಕೆ ಎರಡು ಹೊತ್ತು, 30 ದಿನ. ಹಾಲು ಹಾಕದ ದಿನಗಳನ್ನ ಬಿಟ್ಟು 2,300 ಚಿಲ್ಲರೆ ಸಾಲು.

ಅವಳ ಹತ್ರ ಲ್ಯಾಪ್‌ಟಾಪ್ ಇರಲಿಲ್ಲ. ನನ್ನದರಲ್ಲೇ, ಕ್ಲಾಸ್ ಮುಗಿದ ಮೇಲೆ ರೀಡಿಂಗ್ ರೂಮ್‌ನಲ್ಲಿ ಕೂತು, ಮೂರು ವಾರ ಟೈಪ್ ಮಾಡಿದ್ಲು. ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್ ತೆರೆದು, ಒಂದೊಂದು ಹೊತ್ತಿಗೆ ಒಂದೊಂದು ಉದ್ದದ ಇನ್ಸರ್ಟ್. ನಾನು ಪೈಥಾನ್ ಕಡೆ ನೋಡ್ಕೋಬೇಕಿತ್ತು: ತಿಂಗಳ ಬಿಲ್, ಪ್ರತಿ ಮನೆಗೆ ಎಷ್ಟು ದುಡ್ಡು ಅನ್ನೋ ರಿಪೋರ್ಟ್. ನಾನು ನೋಡ್ಕೊಂಡಿರಲಿಲ್ಲ ಅಂತ ಬೇರೆ ಹೇಳ್ಬೇಕಾ? ಶನಿವಾರದವರೆಗೂ "ಅರ್ಧ ದಿನದ ಕೆಲಸ ಕಣೇ" ಅಂತಿದ್ದೆ.

ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್ ಬೇಕಂದ್ರೆ ಆಪ್ಟ್ ಇನ್‌ಸ್ಟಾಲ್ ಅಂದ್ರೆ ಮುಗೀತು. ಆದರೆ ಯಾವುದೋ ವಿಡಿಯೋ ನೋಡಿ, ಸೋರ್ಸ್ ಕೋಡ್ ಇಳಿಸಿ, ನಾನೇ ಕಂಪೈಲ್ ಮಾಡಿ ಹಾಕಿದ್ದೆ. ಸ್ಟೇಟಸ್‌ಗೂ ಹಾಕಿದ್ದೆ. ಹಾಗೆ ಮಾಡಿದ್ರೆ ಎಲ್ಲಾ ಹೋಗಿ ಯೂಸರ್ ಒಳಗಿನ ಲೋಕಲ್, ಅದರೊಳಗಿನ ಪಿಜಿಎಸ್‌ಕ್ಯೂಎಲ್ ಅನ್ನೋ ಒಂದೇ ಫೋಲ್ಡರ್‌ಗೆ ಕೂರುತ್ತೆ. ಪ್ರೋಗ್ರಾಂಗಳು ಅಲ್ಲೇ, ಲೈಬ್ರರಿಗಳು ಅಲ್ಲೇ. ವಿಡಿಯೋದವರು ತೋರಿಸಿದ ಹಾಗೆ ಡೇಟಾ ಫೋಲ್ಡರ್ ಕೂಡ ಅದರೊಳಗೇ ಮಾಡಿದ್ದೆ. ಈ ಕೊನೇ ಸಾಲು ನೆನಪಿಟ್ಕೊಳ್ಳಿ.

3/6

ಶನಿವಾರ ರಾತ್ರಿ ಒಂಬತ್ತಕ್ಕೆ ಕೂತೆ. ಸೈಕೋಪಿಜಿ2 ಇನ್‌ಸ್ಟಾಲ್‌ಗೆ ಕೊಟ್ಟೆ. ಪೈಥಾನ್‌ನಿಂದ ಪೋಸ್ಟ್‌ಗ್ರೆಸ್ ಜೊತೆ ಮಾತಾಡೋಕೆ ಅದು ಬೇಕು. ಮೊದಲನೇ ಎರರ್: ಪಿಜಿ_ಕಾನ್ಫಿಗ್ ಅನ್ನೋ ಪ್ರೋಗ್ರಾಂ ಸಿಗ್ತಿಲ್ಲ. ಇದು ಸುಲಭ. ನನ್ನ ಪೋಸ್ಟ್‌ಗ್ರೆಸ್‌ನ ಬಿನ್ ಫೋಲ್ಡರನ್ನ ಪಾತ್‌ಗೆ ಸೇರಿಸಿದೆ, ಹೋಯ್ತು. (ಆಪ್ಟ್‌ನಿಂದ ಹಾಕಿಕೊಂಡವರಿಗೆ ಇದೇ ಎರರ್ ಬಂದ್ರೆ ಲಿಬ್‌ಪಿಕ್ಯೂ-ಡೆವ್ ಅನ್ನೋ ಪ್ಯಾಕೇಜ್ ಹಾಕಿ, ಪಿಜಿ_ಕಾನ್ಫಿಗ್ ಅದರ ಜೊತೆ ಬರುತ್ತೆ.) ಕಂಪೈಲ್ ಆಯ್ತು, ಇನ್‌ಸ್ಟಾಲ್ ಆಯ್ತು, ಸಕ್ಸೆಸ್ ಅಂತ ಬಂತು. ಟೀ ಕುಡಿದು ಬಂದು ಇಂಪೋರ್ಟ್ ಅಂತ ಒಂದೇ ಸಾಲು ರನ್ ಮಾಡ್ದೆ.

ಇಂಪೋರ್ಟ್ ಎರರ್: ಲಿಬ್‌ಪಿಕ್ಯೂ.ಎಸ್‌ಓ.5 ತೆರೆಯೋಕಾಗಲ್ಲ, ಅಂಥ ಫೈಲ್ ಆಗಲಿ ಫೋಲ್ಡರ್ ಆಗಲಿ ಇಲ್ಲ.

ನಾನು ಫೋಲ್ಡರ್ ತೆಗೆದು ನೋಡ್ದೆ. ಫೈಲ್ ಇದೆ! ಕಣ್ಣೆದುರಿಗೇ ಇದೆ. ಪಿಎಸ್‌ಕ್ಯೂಎಲ್ ಓಪನ್ ಮಾಡ್ದೆ, ಅದಕ್ಕೂ ಇದೇ ಲಿಬ್‌ಪಿಕ್ಯೂ ಬೇಕು, ಅದು ಆರಾಮಾಗಿ ಓಪನ್ ಆಯ್ತು. ಅವಳ ಹಾಲಿನ ಲೆಕ್ಕ ಎಲ್ಲಾ ತೋರಿಸ್ತು. ಪೈಥಾನ್ ಮಾತ್ರ ಇಲ್ಲ ಅನ್ನುತ್ತೆ.

ಇಲ್ಲಿ ನಾನು ಅರ್ಧ ಗಂಟೆ ಸುಮ್ಮನೆ ಕೂತು ಯೋಚನೆ ಮಾಡಿದ್ರೆ ಈ ಕ್ಯಾಪ್ಷನ್ ಇರ್ತಿರಲಿಲ್ಲ. ಬದಲಿಗೆ ಸೈಕೋಪಿಜಿ2 ತೆಗೆದು ಹಾಕಿದೆ, ಮೂರು ಸಲ. ಪೈಥಾನ್ ವರ್ಷನ್ ಬದಲಿಸಿದೆ. ರಾತ್ರಿ ಹನ್ನೆರಡೂವರೆ. ತಲೆ ಕೆಟ್ಟು, ಈ ಕಂಪೈಲ್ ಮಾಡಿದ ಪೋಸ್ಟ್‌ಗ್ರೆಸ್ಸೇ ಸರಿ ಇಲ್ಲ, ಕಿತ್ತಾಕಿ ಆಪ್ಟ್‌ನಿಂದ ಹಾಕ್ತೀನಿ ಅಂತ ಸರ್ವರ್ ನಿಲ್ಲಿಸಿ, ಸುಡೋ ಕೊಟ್ಟು, ಆರ್‌ಎಂ ಮೈನಸ್ ಆರ್‌ಎಫ್ ಅಂತ ಆ ಇಡೀ ಪಿಜಿಎಸ್‌ಕ್ಯೂಎಲ್ ಫೋಲ್ಡರನ್ನ ಅಳಿಸಿದೆ.

ಆಪ್ಟ್‌ನಿಂದ ಹೊಸದು ಹಾಕ್ದೆ. ಇಂಪೋರ್ಟ್ ಅಂದೆ. ಎರರ್ ಇಲ್ಲ! ರೂಮ್‌ಮೇಟ್ ಏಳೋ ಹಾಗೆ ಕೂಗಿದೆ. ಯೂಸರ್, ಪಾಸ್‌ವರ್ಡ್ ಅಂತ ಒಂದೆರಡು ತಕರಾರು ಆಯ್ತು, ಅದೂ ಮುಗೀತು. ಆಮೇಲೆ ಕನೆಕ್ಟ್ ಕೊಟ್ಟಾಗ ಒಂದೇ ಸಾಲು ಬಂತು: "ಹಾಲು" ಅನ್ನೋ ಡೇಟಾಬೇಸ್ ಅಸ್ತಿತ್ವದಲ್ಲಿಲ್ಲ.

ಈ ಸಲ ಅದು ನಿಜವಾಗಲೂ ಇರಲಿಲ್ಲ.

4/6

ಅವಳಿಗೆ ಫೋನ್ ಮಾಡೋಕೆ ನಲವತ್ತು ನಿಮಿಷ ತಗೊಂಡೆ. ಡಿಲೀಟ್ ಆದ ಫೈಲ್ ವಾಪಸ್ ತರೋ ವಿಡಿಯೋಗಳನ್ನ ನೋಡ್ತಿದ್ದೆ, ನಿಜ ಹೇಳ್ಬೇಕಂದ್ರೆ ಫೋನ್ ಮಾಡದೇ ಇರೋಕೆ ನೋಡ್ತಿದ್ದೆ. ಕೊನೆಗೆ ಮಾಡ್ದೆ. "ಡೇಟಾ ಹೋಯ್ತು" ಅಂದೆ. ಅವಳು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು "ಎಲ್ಲಾನೂ?" ಅಂತ ಕೇಳಿದ್ಲು. "ಹೂಂ." "ಬೆಳಗ್ಗೆ ಬರ್ತೀನಿ" ಅಂತ ಇಟ್ಟಳು.

ನಿದ್ದೆ ಬರಲಿಲ್ಲ. ಯಾಕಾಯ್ತು ಅಂತನಾದ್ರೂ ತಿಳ್ಕೊಳೋಣ ಅಂತ ಆಗ ಓದೋಕೆ ಕೂತೆ. ನೀವು ಸ್ಕ್ರೀನ್‌ಶಾಟ್ ಕಳಿಸಿದ ವಿಷಯ ಇದೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನ ಹುಡುಕಿ ತರೋನು ಒಬ್ಬ ಇದ್ದಾನೆ, ಲೋಡರ್ ಅಂತ. ಅವನು ನಿಮ್ಮ ಇಡೀ ಡಿಸ್ಕ್ ಹುಡುಕಲ್ಲ. ಊರಿಗೆ ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಕೈಯಲ್ಲಿ ಒಂದು ಪಟ್ಟಿ ಇದೆ, ಪಟ್ಟಿಯಲ್ಲಿರೋ ಬೀದಿಗಳಿಗೆ ಮಾತ್ರ ಹೋಗ್ತಾನೆ. ಪಟ್ಟಿಯಲ್ಲಿಲ್ಲದ ಹೊಸ ಲೇಔಟ್‌ನಲ್ಲಿ ನಿಮ್ಮ ಮನೆ ಇದ್ರೆ, ನೀವು ಬಾಗಿಲಲ್ಲೇ ನಿಂತಿದ್ರೂ "ಅಂಥವರು ಯಾರೂ ಇಲ್ಲ" ಅಂತ ಕಾಗದ ವಾಪಸ್ ಕಳಿಸ್ತಾನೆ. ಎರರ್‌ನಲ್ಲಿರೋ "ಇಲ್ಲ" ಅನ್ನೋದರ ಅರ್ಥ "ನಾನು ನೋಡಿದ ಜಾಗದಲ್ಲಿ ಇಲ್ಲ" ಅಂತ ಅಷ್ಟೇ.

ನನ್ನ ಲೈಬ್ರರಿ ಇದ್ದಿದ್ದು ಆ ಹೊಸ ಲೇಔಟ್‌ನಲ್ಲಿ. ಹಾಗಾದ್ರೆ ಪಿಎಸ್‌ಕ್ಯೂಎಲ್‌ಗೆ ಹೇಗೆ ಸಿಕ್ತು? ಪೋಸ್ಟ್‌ಗ್ರೆಸ್ ಕಂಪೈಲ್ ಆಗುವಾಗ ತನ್ನ ಪ್ರೋಗ್ರಾಂಗಳ ಒಳಗೇ ತನ್ನ ಲೈಬ್ರರಿ ಫೋಲ್ಡರ್‌ನ ವಿಳಾಸ ಬರೆದಿಡುತ್ತೆ, ಆರ್‌ಪಾತ್ ಅಂತಾರೆ. ಅದು ಚೀಟಿ ಜೇಬಲ್ಲಿಟ್ಕೊಂಡು ಬಂದಿತ್ತು. ಸೈಕೋಪಿಜಿ2 ಹತ್ರ ಆ ಚೀಟಿ ಇರಲಿಲ್ಲ. ಇನ್ನು ನಾನು ಸೇರಿಸಿದ ಪಾತ್ ಇದೆಯಲ್ಲ, ಅದು ಪ್ರೋಗ್ರಾಂ ಹುಡುಕೋಕೆ. ಲಿನಕ್ಸ್ ಲೋಡರ್ ಲೈಬ್ರರಿಗಾಗಿ ಅದನ್ನ ನೋಡೋದೇ ಇಲ್ಲ. ಈ ಎರಡನ್ನ ಒಂದೇ ಅಂದ್ಕೊಂಡು ನನ್ನ ಮೂರೂವರೆ ಗಂಟೆ ಹೋಯ್ತು.

ಮಾಡಬೇಕಿದ್ದಿದ್ದು ಎರಡೇ ಸಾಲು. ಇಟಿಸಿ ಒಳಗೆ ಎಲ್‌ಡಿ.ಎಸ್‌ಓ.ಕಾನ್ಫ್.ಡಿ ಅನ್ನೋ ಫೋಲ್ಡರ್ ಇದೆ. ಅದರಲ್ಲಿ ಒಂದು ಹೊಸ ಫೈಲ್ ಮಾಡಿ, ಹೆಸರು ಕಾನ್ಫ್ ಅಂತ ಕೊನೆಯಾಗಬೇಕು, ಒಳಗೆ ಲೈಬ್ರರಿ ಇರೋ ಫೋಲ್ಡರ್‌ನ ವಿಳಾಸ ಬರೆಯೋದು. ಆಮೇಲೆ ಸುಡೋ ಎಲ್‌ಡಿಕಾನ್ಫಿಗ್. ಪೋಸ್ಟ್‌ಮ್ಯಾನ್ ಪಟ್ಟಿ ಹೊಸದಾಗಿ ತಯಾರಾಗುತ್ತೆ. ಮುಗೀತು. ಅಷ್ಟೂ ಬೇಡ, ಆಪ್ಟ್‌ನಿಂದ ಲಿಬ್‌ಪಿಕ್ಯೂ5 ಅನ್ನೋ ಚಿಕ್ಕ ಪ್ಯಾಕೇಜ್ ಹಾಕಿದ್ರೂ ಆಗ್ತಿತ್ತು, ಅದು ಪಟ್ಟಿಯಲ್ಲಿರೋ ಬೀದಿಗೇ ಬಂದು ಕೂರುತ್ತೆ. ಅಂದ್ರೆ ರಾತ್ರಿ ಎರರ್ ಹೋಗಿದ್ದು ನಾನು ಅಳಿಸಿದ್ದಕ್ಕಲ್ಲ, ಹೊಸದು ಹಾಕಿದ್ದಕ್ಕೆ. ಅಳಿಸೋ ಅಗತ್ಯವೇ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಇದು ಅರ್ಥ ಆದಾಗ ಹೊಟ್ಟೆಯೊಳಗೆ ಆದದ್ದನ್ನ ಬರೆಯೋಕೆ ಬರ್ತಿಲ್ಲ.

5/6

ನಿಮ್ಮ ಸ್ಕ್ರೀನ್‌ಶಾಟ್‌ಗಳಿಗೆ ಬರ್ತೀನಿ.

ಉಬುಂಟು ಇಟ್ಕೊಂಡಿರೋ ತಮ್ಮಾ, ನಿಂದು ನನ್ನದೇ ಕೇಸ್. ಎಲ್‌ಡಿಡಿ ಅನ್ನೋ ಕಮಾಂಡ್‌ಗೆ ಸೈಕೋಪಿಜಿ2 ಫೋಲ್ಡರ್‌ನೊಳಗಿರೋ ಎಸ್‌ಓ ಫೈಲನ್ನ ಕೊಡು. ಅದಕ್ಕೆ ಏನೇನು ಬೇಕು, ಯಾವುದು ಎಲ್ಲಿಂದ ಸಿಕ್ತು ಅಂತ ಪಟ್ಟಿ ಬರುತ್ತೆ. "ನಾಟ್ ಫೌಂಡ್" ಅಂತಿರೋ ಸಾಲೇ ನಿನ್ನ ಸಮಸ್ಯೆ. ಉಳಿದಿದ್ದನ್ನ ಮುಟ್ಟಬೇಡ.

ವಿಂಡೋಸ್‌ನವರು: "ಡಿಎಲ್‌ಎಲ್ ಲೋಡ್ ಫೇಲ್ಡ್, ಹೇಳಿದ ಮಾಡ್ಯೂಲ್ ಸಿಗಲಿಲ್ಲ" ಅಂತ ಬಂದಿದೆ ಅಲ್ವಾ? ಇದು ಸ್ವಲ್ಪ ಮೋಸದ ಎರರ್. ಅದರಲ್ಲಿ ಹೆಸರು ಬಂದಿರೋ ಫೈಲ್ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಕಾಣೆಯಾಗಿರೋದು ಆ ಫೈಲ್‌ಗೆ ಬೇಕಾದ ಇನ್ನೊಂದು ಡಿಎಲ್‌ಎಲ್, ಅದರ ಹೆಸರನ್ನ ಮಾತ್ರ ಹೇಳಲ್ಲ. ಮದುವೆ ಗಂಡು ಬಂದಿಲ್ಲ ಅಂತಾರೆ, ವಿಷಯ ಏನಂದ್ರೆ ಗಂಡು ಬರಬೇಕಾದ ಬಸ್ ಕೆಟ್ಟು ನಿಂತಿರುತ್ತೆ. ಪೈಥಾನ್ 3.8 ಆದ ಮೇಲೆ ಇನ್ನೊಂದು ಬದಲಾವಣೆ: ಇಂಥ ಡಿಎಲ್‌ಎಲ್‌ಗಳಿಗೆ ಪಾತ್‌ನಲ್ಲಿ ಹುಡುಕೋದನ್ನ ನಿಲ್ಲಿಸಿದ್ದಾರೆ, ಫೋಲ್ಡರನ್ನ ಕೋಡ್‌ನಲ್ಲೇ ಆಡ್_ಡಿಎಲ್‌ಎಲ್_ಡೈರೆಕ್ಟರಿ ಅಂತ ಹೇಳ್ಬೇಕು. ಹಳೇ ವಿಡಿಯೋ ನೋಡಿ ಪಾತ್‌ಗೆ ಸೇರಿಸ್ತಾ ಕೂತ್ರೆ ಬೆಳಗಾಗುತ್ತೆ.

ಜಾವಾ ಹುಡುಗಿ, ನಿಂದು "ಸರಿಯಾದ ಡ್ರೈವರ್ ಇಲ್ಲ". ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಜಾರ್ ಫೈಲ್ ಡೆಸ್ಕ್‌ಟಾಪ್‌ನಲ್ಲಿದೆ ಅಂತ ನೀನೇ ಬರೆದಿದ್ದೀಯ. ಡೆಸ್ಕ್‌ಟಾಪ್‌ನಲ್ಲಿದ್ರೆ ಏನುಪಯೋಗ, ಕ್ಲಾಸ್‌ಪಾತ್‌ನಲ್ಲಿರಬೇಕು. ಅಲ್ಲೂ ಇದ್ದು ಬರ್ತಿಲ್ಲ ಅಂದ್ರೆ ಯುಆರ್‌ಎಲ್‌ನ ಸ್ಪೆಲ್ಲಿಂಗ್ ನೋಡು. ತಪ್ಪಿದ್ರೂ ಇದೇ ಎರರ್ ಬರುತ್ತೆ.

ಇನ್ನೊಂದು ಜಾತಿ ಇದೆ: ಫೈಲ್ ಇದೆ, ಜಾಗವೂ ಸರಿ, ಆದರೂ ಲೋಡ್ ಆಗಲ್ಲ. ಆಗ 32 ಬಿಟ್, 64 ಬಿಟ್ ಗಲಾಟೆ ಇರಬಹುದು. 64 ಬಿಟ್ ಪೈಥಾನ್ ಒಳಗೆ 32 ಬಿಟ್ ಲೈಬ್ರರಿ ಕೂರಲ್ಲ. ಲಿನಕ್ಸ್‌ನಲ್ಲಾದ್ರೆ "ರಾಂಗ್ ಈಎಲ್‌ಎಫ್ ಕ್ಲಾಸ್" ಅಂತ ನೇರವಾಗಿ ಹೇಳುತ್ತೆ.

ಇದ್ಯಾವುದೂ ಬೇಡ, ನಾಳೆನೇ ಡೆಮೋ ಇದೆ ಅನ್ನೋರಿಗೆ ಸೈಕೋಪಿಜಿ2-ಬೈನರಿ ಇದೆ. ಲಿಬ್‌ಪಿಕ್ಯೂ ತನ್ನ ಜೊತೆಗೇ ಕಟ್ಕೊಂಡು ಬರುತ್ತೆ. ಪ್ರೊಡಕ್ಷನ್‌ಗೆ ಇದನ್ನ ಬಳಸಬೇಡಿ, ಸೋರ್ಸ್‌ನಿಂದ ಕಂಪೈಲ್ ಮಾಡಿಕೊಳ್ಳಿ ಅಂತ ಅದನ್ನ ಮಾಡಿದವರೇ ಹೇಳ್ತಾರೆ. ಮಿನಿ ಪ್ರಾಜೆಕ್ಟ್‌ಗೆ ಧಾರಾಳ ಸಾಕು. ನಾಚಿಕೆ ಪಡಬೇಡಿ.

6/6

ಭಾನುವಾರ ಬೆಳಗ್ಗೆ ಎಂಟಕ್ಕೆ ಅವಳು ಜೆರಾಕ್ಸ್ ಕಟ್ಟು ಹಿಡ್ಕೊಂಡು ರೀಡಿಂಗ್ ರೂಮ್‌ಗೆ ಬಂದ್ಲು. ಮತ್ತೆ ಮೊದಲಿಂದ ಟೈಪ್ ಮಾಡೋಕೆ. ನನ್ನ ಮುಖ ನೋಡಲಿಲ್ಲ. ಟೇಬಲ್ ಕ್ರಿಯೇಟ್ ಮಾಡೋ ಕಮಾಂಡ್ ನೆನಪಿಲ್ಲ ಅಂತ, ಹೊಸ ಪಿಎಸ್‌ಕ್ಯೂಎಲ್ ತೆರೆದು ಅಭ್ಯಾಸಕ್ಕೆ ಮೇಲಿನ ಬಾಣದ ಕೀ ಒತ್ತಿದ್ಲು.

ಅವಳದೇ ಇನ್ಸರ್ಟ್ ಬಂತು. ಫ್ಯಾಟು, ಎಸ್‌ಎನ್‌ಎಫ್ ಸಮೇತ.

ಇನ್ನೊಂದ್ಸಲ ಒತ್ತಿದ್ಲು. ಅದರ ಹಿಂದಿನ ಹೊತ್ತಿನದು. ಇಬ್ಬರೂ ಉಸಿರಾಡಲಿಲ್ಲ.

ಪಿಎಸ್‌ಕ್ಯೂಎಲ್ ನೀವು ಕೊಟ್ಟ ಕಮಾಂಡ್‌ಗಳನ್ನ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಒಂದು ಅಡಗಿದ ಹಿಸ್ಟರಿ ಫೈಲ್‌ಗೆ ಬರೆದಿಡುತ್ತೆ, ಸುಮ್ಮನಿದ್ರೆ ಕೊನೆಯ 500. ಅವಳು ಒಂದು ಹೊತ್ತಿಗೆ ಒಂದೇ ಇನ್ಸರ್ಟ್ ಬರೆದಿದ್ದರಿಂದ ಎಲ್ಲಾ ಸೇರಿ 60 ಮಾತ್ರ. ಒಂದೊಂದು ಸಾಲಿಗೆ ಒಂದೊಂದು ಬರೆದಿದ್ರೆ ಮುಕ್ಕಾಲು ಭಾಗ ಹೋಗಿರ್ತಿತ್ತು. ನಾನು ಅಳಿಸಿದ್ದು ಪೋಸ್ಟ್‌ಗ್ರೆಸ್‌ನ ಫೋಲ್ಡರ್, ಈ ಫೈಲ್ ಅಲ್ಲಿರಲಿಲ್ಲ. ಮಧ್ಯಾಹ್ನದೊಳಗೆ ಒಂದೊಂದಾಗಿ ಮತ್ತೆ ಓಡಿಸಿದ್ವಿ. ಕೊನೆಯ ಒಂದು ದಿನ ಮಾತ್ರ ಸಿಗಲಿಲ್ಲ. ಪಿಎಸ್‌ಕ್ಯೂಎಲ್‌ನಿಂದ ಸರಿಯಾಗಿ ಹೊರಗೆ ಬಂದ್ರೇನೇ ಹಿಸ್ಟರಿ ಬರೆಯೋದು, ಆವತ್ತು ರೀಡಿಂಗ್ ರೂಮ್ ಮುಚ್ಚೋ ಗಡಿಬಿಡಿಯಲ್ಲಿ ಕಿಟಕಿಯನ್ನೇ ಕ್ಲೋಸ್ ಮಾಡಿದ್ವಿ. ಜೆರಾಕ್ಸ್‌ನಲ್ಲಿ ನೋಡೋಣ ಅಂದ್ರೆ ಕೊನೇ ಹಾಳೆಯೇ ಇಲ್ಲ. ಟೈಪ್ ಆಯ್ತಲ್ಲ ಅಂತ ಹಿಂದುಗಡೆ ನಾನೇ ಟೇಬಲ್ ಡಯಾಗ್ರಾಂ ಗೀಚಿ ಯಾರಿಗೋ ಕೊಟ್ಟಿದ್ದೆ.

ಸಂಜೆ ಡೈರಿ ಕೆಲಸ ಮುಗಿದ ಮೇಲೆ ಅವಳು ಅಪ್ಪನಿಗೆ ಫೋನ್ ಮಾಡಿದ್ಲು. ಅವರದು ಕೀಪ್ಯಾಡ್ ಫೋನ್, ಫೋಟೊ ಕಳಿಸೋ ಮಾತಿಲ್ಲ. ಸ್ಪೀಕರ್‌ನಲ್ಲಿಟ್ಟು ಅವರು ಓದಿದ್ರು, ನಾನು ಟೈಪ್ ಮಾಡ್ದೆ. "ನಂಬರ್ ಏಳು, ನಾಲ್ಕೂವರೆ ಲೀಟರ್, ಫ್ಯಾಟು ಮೂರು ಪಾಯಿಂಟ್ ಎಂಟು, ಎಸ್‌ಎನ್‌ಎಫ್ ಎಂಟೂವರೆ. ನಂಬರ್ ಎಂಟು ಬೆಳಗ್ಗೆ ಹಾಕಿಲ್ಲ, ಕರು ಹಾಕಿತ್ತು." ಎಂಬತ್ತು ಚಿಲ್ಲರೆ ಸಾಲು. ಮಧ್ಯದಲ್ಲಿ ಕೇಳಿದ್ರು, "ಬರ್ಕೊಂಡು ಹೋಗಿದ್ಯಲ್ಲಮ್ಮ, ಅದೆಲ್ಲೋಯ್ತು?"

ಅವಳು ಆ ದಿನ ಮೊದಲ ಸಲ ನನ್ನ ಕಡೆ ನೋಡಿದ್ಲು. "ಐತಪ್ಪ, ಎಲ್ಲಿಟ್ಟಿದ್ದೀವಿ ಅಂತ ಸಿಗ್ತಿಲ್ಲ" ಅಂದ್ಲು.

"ಅದಕ್ಕೇ ನಾನು ಎರಡು ಪುಸ್ತಕ ಬರೆಯೋದು. ಒಂದು ಡೈರಿಲಿ, ಒಂದು ಮನೇಲಿ. ಆಯ್ತು, ಒಂಬತ್ತನೇ ನಂಬರ್ ಬರ್ಕೊ."

ರಾತ್ರಿ ಮಲಗೋ ಮುಂಚೆ ಪಿಜಿ_ಡಂಪ್ ತೆಗೆದು ಅವಳ ಮೇಲ್‌ಗೆ ಕಳಿಸಿದೆ. ಅವಳು ಓದಿ ಒಂದು ಥಂಬ್ಸ್ ಅಪ್ ಹಾಕಿದ್ಲು. ಮಾತಾಡೋಕೆ ಶುರು ಮಾಡಿದ್ದು ಬುಧವಾರ.