ಮತಗಟ್ಟೆಯ ಲೆಕ್ಕ

ರಾಜ್ಯಶಾಸ್ತ್ರವನ್ನು ಓದುವವರಿಗೆ ಸಂಖ್ಯಾಶಾಸ್ತ್ರವೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ಬಹಳ ದಿನ ನಡೆಯಿತು. ಎಂ.ಎ. ತರಗತಿಯ ಮಗಳಿಗೆ ಆ ಪಾಠವು ಕಡ್ಡಾಯವಾದುದರಿಂದ, ಸಂಜೆ ದೀಪ ಹಚ್ಚಿದ ಮೇಲೆ ಅವಳೊಡನೆ ನಾವೂ ಪುಸ್ತಕ ಹಿಡಿದೆವು. ಬೈರಮಂಗಲದಲ್ಲಿ ಕುಳಿತವರಿಗೆ ಈ ವಿದ್ಯೆಯಿಂದ ಏನಾಗಬೇಕೆಂದು ನಕ್ಕವರೂ ಉಂಟು.

೨೦೨೩ರ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ ನಡೆಯಿತು. ಒಂದೊಂದು ಮತಗಟ್ಟೆಯಲ್ಲಿ ಯಾರಿಗೆಷ್ಟು ಮತ ಬಿದ್ದಿತೆಂಬುದನ್ನು ನಮೂನೆ ೨೦ ಎಂಬ ಪಟ್ಟಿಯಲ್ಲಿ ಪ್ರಕಟಿಸುವುದು ವಾಡಿಕೆ. ಅಂತಹ ಅಂಕಿಗಳನ್ನು ಕಂಡೊಡನೆ, ಇಂಥ ಬೀದಿಯವರು ಇಂಥವರಿಗೇ ಹಾಕಿದರೆಂದು ಜಗಲಿಯ ಮೇಲೆಯೇ ತೀರ್ಪಾಗಿಹೋಯಿತು. ಆ ವರ್ಷ ಗೌರೀಹಬ್ಬಕ್ಕೆ ನೆರೆಮನೆಯಿಂದ ನಮಗೆ ಬಾಗಿನ ಬರಲಿಲ್ಲ.

ಮಗಳು ಅಡುಗೆಮನೆಯಿಂದ ೬೦ ಅವರೆಕಾಳು, ೪೦ ಹುರುಳಿಕಾಳು ತಂದು ಎಣಿಸಿಟ್ಟಳು. ಅವರೆಯು ಒಂದು ಜಾತಿ, ಹುರುಳಿಯು ಉಳಿದವರು. ನೂರು ಮಂದಿಯೂ ಮತ ಹಾಕಿ, ಒಬ್ಬ ಅಭ್ಯರ್ಥಿಗೆ ೫೦ ಮತ ಬಂದಿತೆನ್ನಿ. ಆ ಐವತ್ತೂ ಅವರೆಯದೇ ಇರಬಹುದು. ಹುರುಳಿಯ ನಲವತ್ತೂ ಸೇರಿ, ಅವರೆಯದು ಹತ್ತೇ ಇರಬಹುದು. ಹತ್ತಕ್ಕೆ ಕಡಮೆಯಿಲ್ಲ, ಐವತ್ತಕ್ಕೆ ಮೇಲಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಆ ಪಟ್ಟಿಯೊಂದರಿಂದಲೇ ಬ್ರಹ್ಮನೂ ಹೇಳಲಾರನು. ನೆರೆಮನೆಯ ಅಜ್ಜಿಯವರನ್ನು ಕರೆದು ಕಾಳುಗಳನ್ನು ತೋರಿಸಿದೆವು. ಅವರು ಎರಡು ಸಲ ಎಣಿಸಿ, “ಹಾಗಾದರೆ ನೀವು ಹಾಕಿದ್ದು ಯಾರಿಗವ್ವ?” ಎಂದು ಕೇಳಿದರು. ಅದನ್ನು ಮಾತ್ರ ನಾವು ಹೇಳಲಿಲ್ಲ.

ಪಂಡಿತರೂ ಈ ಎಡೆಯಲ್ಲಿ ಎಡವುವುದುಂಟು. ಅಮೆರಿಕದ ರಾಬಿನ್ಸನ್ ಎಂಬ ವಿದ್ವಾಂಸರು ೧೯೩೦ರ ಜನಗಣತಿಯನ್ನು ಹಿಡಿದು ೧೯೫೦ರಲ್ಲಿ ಇದನ್ನೇ ತೋರಿಸಿದರು. ಪರದೇಶದಲ್ಲಿ ಹುಟ್ಟಿದವರು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಅಕ್ಷರಸ್ಥರೂ ಹೆಚ್ಚಾಗಿದ್ದರು. ಆದರೆ ಒಬ್ಬೊಬ್ಬರನ್ನಾಗಿ ನೋಡಿದರೆ ಪರದೇಶದವರಲ್ಲಿಯೇ ನಿರಕ್ಷರರು ಹೆಚ್ಚು! ಅವರು ಹೋಗಿ ನೆಲೆಸಿದ್ದುದು ಓದುಬರಹ ಬಲ್ಲವರಿದ್ದ ಸೀಮೆಗಳಲ್ಲಿ, ಅಷ್ಟೆ.

ಇದರಿಂದ ಗುಟ್ಟು ಸದಾ ಭದ್ರವೆಂದು ತಿಳಿಯಲಾಗದು. ಅದೇ ಅಭ್ಯರ್ಥಿಗೆ ೯೫ ಮತ ಬಂದಿದ್ದರೆ, ಅವರೆಯಲ್ಲಿ ೫೫ ಆದರೂ ಅವನಿಗೆ ಸಂದಿರಲೇಬೇಕು. ಸಣ್ಣ ಊರಿನವರಿಗೆ ಇದು ಭಯದ ಮಾತು. ಚೀಟಿಯ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರ ಬಂದ ಮೇಲೆ ಒಂದೊಂದರ ಲೆಕ್ಕವೂ ಬೇರೆಬೇರೆಯಾಗಿ ಬಯಲಾಗುತ್ತಿದೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ತೋರಿಸುವ ಉಪಕರಣವೊಂದನ್ನು ಚುನಾವಣಾ ಆಯೋಗವು ೨೦೦೮ರಲ್ಲಿಯೇ ಸೂಚಿಸಿತು. ಅದು ಇನ್ನೂ ಬಳಕೆಗೆ ಬಂದಿಲ್ಲ. ಮಗಳು ತನ್ನ ಪ್ರಬಂಧಕ್ಕೆ ಆ ವಿಷಯವನ್ನೇ ಆರಿಸಿಕೊಂಡಿದ್ದಾಳೆ.